ನೀರು ಬಂದ ದಾರಿ ತಿಳಿದುಕೊಂಡು ಬಾ ಮಗ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ಮಂಡಿ ನೋವು ಬಿಟ್ಟರೆ ಬೇರೆ ತೊಂದರೆ ಏನಿಲ್ಲ. ಮೊನ್ನೆ ಭರಣಿ ಮಳೆ ಒಂದು ಹದ ಬಂತು. ಮೇಲಿನ ಹೊಲ ಉಳುವಷ್ಟು ನೆನೆದಿದೆ. ನಿಮ್ಮಮ್ಮನಿಗೆ ಹೇಳು, ಖುಷಿ ಪಡುತ್ತಾಳೆ.

ಫೋನಿನಲ್ಲಿ ನೀನು ಆಡಿದ ಮಾತನ್ನೇ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ‘ಬೆಂಗಳೂರು ಸಾಕಾಯ್ತು ದೊಡ್ಡಮ್ಮ, ಬಂದು ಜಮೀನು ನೋಡ್ಕೋತೀನಿ’ ಅಂದಾಗ ನನ್ನ ಗಂಟಲು ಕಟ್ಟಿತು. ನಿನ್ನ ದೊಡ್ಡಪ್ಪ ಹೋಗಿ ಎರಡು ವರ್ಷ ಆಯಿತು. ಮಕ್ಕಳಿಲ್ಲದ ನಮಗೆ ನೀನೇ ಮಗ. ಜಮೀನು ನಿನಗೇ ಅಂತ ಅವರೂ ಹೇಳಿಯೇ ಹೋಗಿದ್ದಾರೆ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಆಡಿದೆ. ಮೂರೆಕರೆಗೂ ಕಬ್ಬು ಹಾಕಿಬಿಡೋಣ, ಮೇಲಿನ ಹೊಲಕ್ಕೆ ಬೋರ್ ಕೊರೆಸೋಣ, ಸಾಲದಿದ್ದರೆ ನಾಲೆಗೆ ಮೋಟರ್ ಇಟ್ಟು ಪೈಪ್ ಎಳೆಯೋಣ, ‘ಮಂಡ್ಯದಲ್ಲಿ ನೀರಿಗೇನು ಬರ’ ಅಂದೆ. ಅವತ್ತು ನಾನು ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳಿದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದು ಕಿವಿಯಲ್ಲಿ ಬರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು.

ನಮ್ಮ ಗದ್ದೆಗೆ ನಾಲೆ ನೀರು ಬಂದು ಇನ್ನೂ ನೂರು ವರ್ಷ ತುಂಬಿಲ್ಲ. ಅದು ಹೇಗೆ ಬಂತು, ಯಾರು ತಂದರು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಇಷ್ಟನ್ನು ತಿಳಿದುಕೋ. ಆಮೇಲೆ ಸನಿಕೆ ಹಿಡಿ.

ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ, ಮಳೆಯನ್ನೇ ನಂಬಿದ ಬೆದ್ದಲು ಸೀಮೆಯಲ್ಲಿ. ನಿಮ್ಮಮ್ಮನೂ ಅಲ್ಲೇ ಹುಟ್ಟಿದ್ದು, ಆದರೆ ಅವಳು ಚಿಕ್ಕವಳು, ಕಷ್ಟ ಅಷ್ಟಾಗಿ ನೆನಪಿರಲಿಕ್ಕಿಲ್ಲ. ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ಇಷ್ಟೇ ನಮ್ಮ ಬೆಳೆ. ಅನ್ನ ಅಂದರೆ ಹಬ್ಬಕ್ಕೆ, ಇಲ್ಲಾ ಜ್ವರ ಬಂದವರಿಗೆ. ಬೇಸಿಗೆಯಲ್ಲಿ ಬಾವಿಯ ಮೆಟ್ಟಿಲು ಇಳಿದು, ಬಟ್ಟಲಲ್ಲಿ ನೀರು ಮೊಗೆದು ಬಿಂದಿಗೆಗೆ ಹಾಕಬೇಕಿತ್ತು. ಒಂದು ಬಿಂದಿಗೆ ತುಂಬುವಷ್ಟರಲ್ಲಿ ಸೊಂಟ ಬಿದ್ದು ಹೋಗುತ್ತಿತ್ತು.

1972ರಲ್ಲಿ ನನ್ನ ಮದುವೆ ಆಯಿತು. ಹೆಣ್ಣು ಒಪ್ಪಿಸಿ ಕಳಿಸಿದ ಮೇಲೆ ಗಾಡಿ ನಾಲೆಯ ಏರಿ ಮೇಲೆ ಬಂತು. ಎಡಗಡೆ ನೋಡಿದರೆ ದಡದ ತುಂಬ ಹರಿಯುವ ನೀರು. ಶಬ್ದವೂ ಇಲ್ಲ. ಅಷ್ಟೊಂದು ನೀರು ಸುಮ್ನೆ ಹರಿದುಹೋಗುವುದನ್ನು ನಾನು ಅದೇ ಮೊದಲು ನೋಡಿದ್ದು. ಗಾಡಿ ನಿಲ್ಲಿಸಿ ಅಂದೆ. ಹೊಸ ಸೀರೆ ಎತ್ತಿ ಹಿಡಿದು ಕಾಲು ಇಳಿಬಿಟ್ಟೆ. ನಮ್ಮತ್ತೆ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕೂತು, ತಾವು ಚಿಕ್ಕ ಹುಡುಗಿಯಾಗಿದ್ದಾಗ ಇದೇ ನಾಲೆಗೆ ಮೊದಲ ಸಲ ನೀರು ಬಂದ ಕಥೆ ಹೇಳಿದರು. ಆ ಕಥೆ ಆಮೇಲೆ ಹೇಳುತ್ತೇನೆ.

ನಾಲೆಗಿಂತ ಮುಂಚೆ ಇಲ್ಲಿ ಏನೂ ಇರಲಿಲ್ಲ ಅಂತ ಅಂದುಕೊಳ್ಳಬೇಡ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ವೀರಗಲ್ಲು ಇತ್ತು, ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ನೀನು ಅಲ್ಲೇ ಇರುವವನು, ಒಂದು ಭಾನುವಾರ ಹೋಗಿ ನೋಡಿ ಬಾ. ಕ್ರಿ.ಶ. 950ರ ಸುಮಾರಿನದು. ಕಾಳಿ ಅನ್ನುವ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ನಾಯಿಯ ಕಥೆ ಎಲ್ಲರಿಗೂ ಗೊತ್ತು. ಆದರೆ ನನಗೆ ಅದರಲ್ಲಿ ಇಷ್ಟವಾದದ್ದು ಇನ್ನೊಂದು ಸಾಲು. ಆ ಕಲ್ಲಿನ ಪೂಜೆಗೆ ಅಂತ ಬಿಟ್ಟ ಜಮೀನು ‘ಪಿರಿಯಕೆರೆಯ ಕೆಳಗೆ’ ಇತ್ತು ಅಂತ ಬರೆದಿದೆ. ಪಿರಿಯಕೆರೆ ಅಂದರೆ ದೊಡ್ಡಕೆರೆ. ಅಂದರೆ ಸಾವಿರ ವರ್ಷದ ಹಿಂದೆಯೇ ಈ ಸೀಮೆಯ ಜನ ಕೆರೆ ಕಟ್ಟಿ, ಅದರ ಕೆಳಗೆ ಗದ್ದೆ ಮಾಡುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಆ ಸಾಲನ್ನು ಪ್ರತಿ ವರ್ಷವೂ ಹೇಳುತ್ತಿದ್ದೆ.

ಊರಿನ ಹೆಸರುಗಳನ್ನು ನೋಡಿದರೂ ಗೊತ್ತಾಗುತ್ತದೆ. ಮದ್ದೂರು, ಮಳವಳ್ಳಿ ಕಡೆ ದೊಡ್ಡಿಗಳು ಜಾಸ್ತಿ. ದೊಡ್ಡಿ ಅಂದರೆ ದನ ಕೂಡುವ ಜಾಗ. ಮೇವು ಇರುವ ಕಡೆ ದನ ಹೊಡೆದುಕೊಂಡು ಹೋದವರು ಅಲ್ಲೇ ಗುಡಿಸಲು ಹಾಕಿಕೊಂಡು, ಅದೇ ಊರಾಯಿತು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಕೊಪ್ಪಲುಗಳು. ದೊಡ್ಡ ಊರಿನಲ್ಲಿ ಜಾಗ ಸಾಲದೆ ನಾಲ್ಕು ಮನೆಯವರು ಹೊರಗೆ ಬಂದು ಕಟ್ಟಿಕೊಂಡದ್ದು. ಪಾಂಡವಪುರಕ್ಕೇ ಹಿಂದೆ ಹಿರೋಡೆ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಅಂತಲೂ ಆಯಿತು. ನಮ್ಮತ್ತೆ ಕೊನೆವರೆಗೂ ಪಾಂಡವಪುರ ಅನ್ನದೆ ‘ಪ್ರೆಂಚ್ ರಾಕ್ಸ್ ಸಂತೆ’ ಅಂತಲೇ ಅನ್ನುತ್ತಿದ್ದರು.

ಕಾವೇರಿ ಪಕ್ಕದ ಊರುಗಳಿಗೆ ನಾಲೆಯೂ ಹಳೆಯದೇ. ಚಿಕ್ಕದೇವರಾಜಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ಇವೆಲ್ಲ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲೇ ಆದವು. ಆದರೆ ನದಿಯಿಂದ ಸ್ವಲ್ಪ ದೂರ ಹೋದರೆ ಸಾಕು, ಕೆರೆ ತುಂಬಿದರೆ ಊಟ, ಇಲ್ಲದಿದ್ದರೆ ಇಲ್ಲ. 1876ರಿಂದ 78ರ ಬರವನ್ನು ಹಳಬರು ಧಾತು-ಈಶ್ವರ ಸಂವತ್ಸರದ ಬರ ಅಂತ ಕರೆಯುತ್ತಿದ್ದರು. ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನ ಆಗ ಹೋದರು. ನೀನು ಊರಿಗೆ ಬರುವ ರೈಲಿನ ದಾರಿ ಇದೆಯಲ್ಲ, ಬೆಂಗಳೂರು-ಮೈಸೂರು ದಾರಿ, ಅದರ ಕೆಲಸ ಶುರುವಾದದ್ದೇ ಆ ಬರಗಾಲದಲ್ಲಿ ಜನಕ್ಕೆ ಕೂಲಿ ಕೊಡಲಿಕ್ಕೆ. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಮದ್ದೂರಿನಲ್ಲಿ ವಡೆ ತಿನ್ನುವಾಗ ಇದನ್ನೂ ಒಂದು ಸಲ ನೆನೆಸಿಕೋ.

ಈಗ ಕಟ್ಟೆಯ ವಿಷಯ. ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1931ರಲ್ಲಿ. ವಿಶ್ವೇಶ್ವರಯ್ಯನವರ ಹೆಸರು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಆದರೆ ಹತ್ತು ಸಾವಿರ ಜನ ಕೂಲಿಗಳು ಅಲ್ಲಿ ದುಡಿದರು. ಸಿಮೆಂಟ್ ಹಾಕದೆ ಸುಣ್ಣ, ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದರು. ಕಟ್ಟೆ ಕಟ್ಟಿದ್ದು ಬರೀ ಗದ್ದೆಗೆ ಅಂತಲೂ ಅಲ್ಲ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಆ ಲೆಕ್ಕವೂ ಇದರಲ್ಲಿ ಸೇರಿತ್ತು. ನೀರಿನ ಜಗಳವಂತೂ ಕಟ್ಟೆಗಿಂತ ಹಳೆಯದು. 1892ರಲ್ಲೇ ಮೈಸೂರಿಗೂ ಮದ್ರಾಸಿಗೂ ಒಂದು ಒಪ್ಪಂದ ಆಗಿತ್ತು. 1924ರಲ್ಲಿ ಇನ್ನೊಂದು ಆದ ಮೇಲೆಯೇ ಕಟ್ಟೆ ಪೂರ್ತಿ ಎತ್ತರಕ್ಕೆ ಏಳಲು ಸಾಧ್ಯವಾಯಿತು.

ಕನ್ನಂಬಾಡಿ ಅಂತ ನಾವು ಕಟ್ಟೆಯನ್ನು ಕರೆಯುತ್ತೇವಲ್ಲ, ಅದು ಮುಳುಗಿಹೋದ ಒಂದು ಊರಿನ ಹೆಸರು. ಅದರ ಜೊತೆ ಸುತ್ತಲ ಹಳ್ಳಿಗಳೂ ಹೋದವು. ನಮ್ಮತ್ತೆಯ ತಾಯಿ ಕಡೆಯವರು ಆ ಮುಳುಗಡೆ ಊರಿನವರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಬರ ಬಂದು ಕಟ್ಟೆ ತಳ ಕಂಡಾಗ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿನಿಂದ ಹೊರಗೆ ಬಂದಿತ್ತು. ನಾನು, ನಿನ್ನ ದೊಡ್ಡಪ್ಪ ಇಬ್ಬರೂ ಹೋಗಿದ್ದೆವು. ಕೆಸರು ಒಣಗಿ ಬಿರಿದಿತ್ತು. ಕಂಬಗಳ ಮೇಲೆ ಕಪ್ಪೆಚಿಪ್ಪು ಅಂಟಿಕೊಂಡಿತ್ತು. ಅಲ್ಲೇ ಸ್ವಲ್ಪ ಆಚೆ, ಯಾರದೋ ಮನೆಯ ಒರಳುಕಲ್ಲು. ಅರ್ಧ ಹೂತುಹೋಗಿತ್ತು. ನಿನ್ನ ದೊಡ್ಡಪ್ಪ ಅದರ ಗುಳಿಯಲ್ಲಿ ತುಂಬಿದ್ದ ಮಣ್ಣನ್ನು ಬೆರಳಲ್ಲಿ ಕೆದಕಿ ತೆಗೆದು ಖಾಲಿ ಮಾಡಿದರು. ಯಾಕೆ ಅಂತ ನಾನು ಕೇಳಲಿಲ್ಲ. ಆಮೇಲೆ ಆ ದೇವಸ್ಥಾನವನ್ನು ಕಲ್ಲು ಕಲ್ಲೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ದೇವರಿಗೆ ಮನೆ ಸಿಕ್ಕಿತು, ಒಳ್ಳೆಯದೇ. ಆ ಒರಳು ಮಾತ್ರ ಅಲ್ಲೇ ಇರಬೇಕು.

ಕಟ್ಟೆಯಿಂದ ನಮ್ಮ ಕಡೆಗೆ ನೀರು ತರಬೇಕಾದರೆ ನಡುವೆ ಕರಿಘಟ್ಟದ ಸಾಲು ಅಡ್ಡ. ಅದರ ಹೊಟ್ಟೆಯೊಳಗೆ ಹುಲಿಕೆರೆ ಸುರಂಗ ಕೊರೆದರು. ಸುಮಾರು ಮೂರು ಕಿಲೋಮೀಟರ್ ಉದ್ದ, ಈಗಿನ ಮೆಷಿನ್ ಯಾವುದೂ ಇಲ್ಲದ ಕಾಲದಲ್ಲಿ. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ನಾಲೆಗೆ ವೈಸರಾಯ್ ಇರ್ವಿನ್ ಹೆಸರಿಟ್ಟಿದ್ದರು, ಆಮೇಲೆ ಅದು ವಿಶ್ವೇಶ್ವರಯ್ಯ ನಾಲೆ ಆಯಿತು. ನಾವು ಬರೀ ವಿ.ಸಿ. ನಾಲೆ ಅನ್ನುತ್ತೇವೆ.

ಈಗ ನಮ್ಮತ್ತೆ ಹೇಳಿದ ಕಥೆ. ಅವರಿಗೆ ಆಗ ಹತ್ತೋ ಹನ್ನೆರಡೋ ವಯಸ್ಸು. ನೀರು ಬಿಡುತ್ತಾರೆ ಅಂತ ಡಂಗುರ ಸಾರಿದ್ದರು. ಊರಿಗೆ ಊರೇ ಏರಿ ಮೇಲೆ ಕಾದಿತ್ತು. ಬೆಳಿಗ್ಗೆ ಹೋದವರು ಮಧ್ಯಾಹ್ನದವರೆಗೂ ಕೂತಿದ್ದರು. ಬರೋದಿಲ್ಲ, ಎಲ್ಲಾ ಸುಳ್ಳು ಅಂತ ಕೆಲವರು ಎದ್ದು ಹೊರಟರು. ಆಗ ಮೊದಲು ಬಂದದ್ದು ನೀರಲ್ಲವಂತೆ, ಕಸ. ಒಣಗಿದ ಎಲೆ, ಮುಳ್ಳು, ನೊರೆ, ಅದರ ಮುಂದೆ ಜೀವ ಉಳಿಸಿಕೊಳ್ಳಲು ಓಡುವ ಹಾವು, ಓತಿಕ್ಯಾತ. ಅದರ ಹಿಂದೆ ಕೆಂಪು ನೀರು, ನಡೆಯುವ ಮನುಷ್ಯನಷ್ಟೇ ನಿಧಾನಕ್ಕೆ. ಮಕ್ಕಳೆಲ್ಲ ಅದರ ಜೊತೆಗೇ ನಡೆದುಕೊಂಡು ಪಕ್ಕದ ಊರಿನವರೆಗೂ ಹೋದರಂತೆ. ಹೆಂಗಸರು ಅರಿಸಿನ ಕುಂಕುಮ ಹಾಕಿದರು. ನಮ್ಮತ್ತೆಯ ಅಜ್ಜ ಮಾತ್ರ ದಡದಲ್ಲೇ ಕೂತು ಅತ್ತರಂತೆ. ‘ಇದು ಒಂದಿಪ್ಪತ್ತು ವರ್ಷ ಮುಂಚೆ ಬಂದಿದ್ದರೆ’ ಅಂದರಂತೆ, ಅಷ್ಟೇ. ಅವರು ಬರದಲ್ಲಿ ಏನು ಕಳೆದುಕೊಂಡಿದ್ದರೋ.

ನೀರಿನ ಹಿಂದೆ ಸೊಳ್ಳೆಯೂ ಬಂತು. ನಾಲೆ ಬಯಲಿನ ಊರುಗಳಲ್ಲಿ ಚಳಿಜ್ವರ ಹಬ್ಬಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ ಮಲೇರಿಯಾದ ಮೇಲೆ ಕೆಲಸ ಮಾಡಿಸಿತು, ಮಂಡ್ಯದಲ್ಲಿ ಹಳ್ಳಿಗಳಿಗೆ ಅಂತಲೇ ಆರೋಗ್ಯ ಘಟಕ ಶುರುವಾಯಿತು. ನಮ್ಮತ್ತೆಯ ತಂಗಿಯೊಬ್ಬಳು ಆ ಜ್ವರದಲ್ಲೇ ಹೋದದ್ದು.

1931ರಲ್ಲಿ ನಾಲೆ ಬೆಳೆಗಳ ಪ್ರಯೋಗಕ್ಕೆ ಅಂತ ಇರ್ವಿನ್ ನಾಲೆ ಫಾರಂ ಆಯಿತು, ಈಗಿನ ವಿ.ಸಿ. ಫಾರಂ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅನ್ನುವವರು ಕೆನಡಾದವರು, ಅದಕ್ಕಾಗಿ ಬಹಳ ಓಡಾಡಿದರು. ರಾಗಿ ಬೆಳೆಯುತ್ತಿದ್ದ ರೈತನಿಗೆ ಕಬ್ಬು ಹಾಕು ಅಂದರೆ ಹೇಗೆ ನಂಬುತ್ತಾನೆ ಹೇಳು. ಹನ್ನೆರಡು ತಿಂಗಳು ಕಾಯಬೇಕಾದ ಬೆಳೆ ಅದು. ಕಾರ್ಖಾನೆ ಮುಂಗಡ ಕೊಟ್ಟಿತು, ಬಿತ್ತನೆ, ಗೊಬ್ಬರ ಕೊಟ್ಟಿತು, ಆಮೇಲೆ ಜನ ನಂಬಿದರು. 1939ರ ಜುಲೈ 1ರಂದು ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರೆಯಾಯಿತು. ಹೀಗೆ ಹತ್ತೇ ವರ್ಷದೊಳಗೆ ಒಂದು ಸಣ್ಣ ಊರು ಸಕ್ಕರೆಯ ಊರಾಗಿ, ಜಿಲ್ಲೆಯ ಊರಾಯಿತು.

ಮಗ, ಇಲ್ಲಿಂದ ಮುಂದೆ ನಿನಗೇ ಹೇಳುತ್ತಿರುವುದು, ಗಮನ ಇಟ್ಟು ಓದು.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ಹೆಣ್ಣುಮಗಳು ವಿದೇಶದಿಂದ ಮಂಡ್ಯಕ್ಕೆ ಬಂದರು. ಇಲ್ಲಿನ ಎರಡು ಹಳ್ಳಿಯಲ್ಲಿ ಇದ್ದುಕೊಂಡು, ನೀರಾವರಿ ಬಂದ ಮೇಲೆ ಜನರ ಬದುಕು ಹೇಗೆ ಬದಲಾಯಿತು ಅಂತ ಅಧ್ಯಯನ ಮಾಡಿದರು. ಊರಿನ ನಿಜವಾದ ಹೆಸರು ಹೇಳದೆ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಅಂತ ಹೆಸರಿಟ್ಟರು. ಒಂದು ಊರಿಗೆ ನಾಲೆ ನೀರು ಸಿಕ್ಕಿತ್ತು. ಇನ್ನೊಂದು ಎತ್ತರದಲ್ಲಿ ಇದ್ದುದರಿಂದ ಸಿಗಲಿಲ್ಲ. ಸುತ್ತ ಎಲ್ಲಾ ಹಸಿರು, ನಡುವೆ ಇದೊಂದು ಒಣ ಊರು. ನೀರು ಸಿಕ್ಕ ಊರಿನವರು ಗದ್ದೆ, ಕಬ್ಬು ಅಂತ ಚೆನ್ನಾಗಿಯೇ ಆದರು. ಆದರೆ ಅವರ ಬದುಕಿನ ರೀತಿ ಅಷ್ಟೇನೂ ಬದಲಾಗಲಿಲ್ಲ. ಅದೇ ಬೇಸಾಯ, ಅದೇ ಯಜಮಾನಿಕೆ, ಅದೇ ಕೇರಿ. ನೀರು ಸಿಗದ ಊರಿನವರು ಸುಮ್ಮನೆ ಕೂರಲಿಲ್ಲ. ಕಾರ್ಖಾನೆ ಕೆಲಸಕ್ಕೆ ಹೋದರು, ದನದ ವ್ಯಾಪಾರ ಮಾಡಿದರು, ಕಂಟ್ರಾಕ್ಟ್ ಹಿಡಿದರು, ಅದರಲ್ಲಿ ಉಳಿಸಿದ ದುಡ್ಡಿನಿಂದ ನೀರಾವರಿ ಊರುಗಳಲ್ಲೇ ಜಮೀನು ಕೊಂಡರು.

ನಾನು ಇದನ್ನು ಮೊದಲು ಓದಿದಾಗ ನನ್ನ ತವರಿನವರ ಮುಖ, ಇಲ್ಲಿನವರ ಮುಖ ಎರಡೂ ಕಣ್ಣ ಮುಂದೆ ಬಂದವು. ನೀರು ಇರುವ ಕಡೆ ಮನುಷ್ಯ ನೀರನ್ನೇ ನಂಬಿಕೊಂಡು ಕೂರುತ್ತಾನೆ. ನಿನ್ನ ದೊಡ್ಡಪ್ಪನೂ ಹಾಗೇ ಕೂತರು. ನಾನೂ ಸೇರಿಯೇ ಕೂತೆ.

ನಾಲೆ ತೋಡಿದವರ ವಿಷಯವನ್ನು ಯಾರೂ ಹೇಳುವುದಿಲ್ಲ. ನಮ್ಮ ಜಮೀನನ್ನು ಈಗ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದಾನಲ್ಲ, ಅವನ ಮುತ್ತಾತ ಇದೇ ಉಪನಾಲೆಯ ಮಣ್ಣು ಹೊತ್ತವನು. ನೀರು ಬಂದಾಗ ಅವರ ಕೇರಿಯವರ ಕೈಯಲ್ಲಿ ಜಮೀನೇ ಇರಲಿಲ್ಲ, ನೀರು ಎಲ್ಲಿಗೆ ಬಿಟ್ಟುಕೊಳ್ಳುವುದು? 1974ರಲ್ಲಿ ದೇವರಾಜ ಅರಸರು ‘ಉಳುವವನೇ ಒಡೆಯ’ ಅಂತ ಕಾನೂನು ತಂದಾಗ ಗೇಣಿ ಮಾಡುತ್ತಿದ್ದ ಕೆಲವರಿಗೆ ಸಿಕ್ಕಿತು. ಕೂಲಿ ಮಾಡುತ್ತಿದ್ದವರಿಗೆ ಆಗಲೂ ಸಿಗಲಿಲ್ಲ. ನೀನು ಬಂದ ತಕ್ಷಣ ಅವನನ್ನು ಬಿಡಿಸಬೇಡ. ನಮ್ಮ ಗದ್ದೆಯ ಯಾವ ಮೂಲೆಯಲ್ಲಿ ಚೌಳು, ಯಾವ ಬದುವಿನಲ್ಲಿ ಏಡಿ ತೂತು ಮಾಡುತ್ತದೆ, ಎಲ್ಲಾ ಅವನಿಗೆ ಗೊತ್ತು. ಅವನ ಜೊತೆ ಕೂತು ಊಟ ಮಾಡು, ಒಳಗೆ ಕರೆದು ಕೂರಿಸು. ನಮ್ಮತ್ತೆಯ ಕಾಲದಲ್ಲಿ ಆ ಕೇರಿಯವರನ್ನು ಜಗಲಿ ಹತ್ತಿಸುತ್ತಿರಲಿಲ್ಲ. ನನಗೆ ಅದು ಸರಿ ಅಲ್ಲ ಅಂತ ಗೊತ್ತಿದ್ದೂ ಬಹಳ ವರ್ಷ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಚೌಳು ಅಂದೆನಲ್ಲ, ಅದನ್ನು ನೀನೇ ನೋಡಬೇಕು. ಕೆಳಗಿನ ಗದ್ದೆಯ ಪೂರ್ವದ ಮೂಲೆಗೆ ಹೋಗಿ ಬೇಸಿಗೆಯಲ್ಲಿ ಮಣ್ಣು ಮುಟ್ಟಿ ನೋಡು. ಮೇಲೆ ಬೆಳ್ಳಗೆ ಉಪ್ಪು ಉದುರಿಸಿದ ಹಾಗೆ ಇರುತ್ತದೆ. ನಾಲಿಗೆಗೆ ಇಟ್ಟರೆ ಕಟುವಾಗಿ ಹತ್ತುತ್ತದೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ಭತ್ತ ಎದೆಮಟ್ಟ ಬೆಳೆಯುತ್ತಿತ್ತು. ವರ್ಷವಿಡೀ ನೀರು ನಿಲ್ಲಿಸಿ ನಿಲ್ಲಿಸಿ, ಬಸಿಗಾಲುವೆ ಮುಚ್ಚಿ, ಅದರ ಮೇಲೂ ನಾಲ್ಕು ಸಾಲು ಕಬ್ಬು ಹಾಕಿ, ನಾವೇ ಅದನ್ನು ಕೆಡಿಸಿದೆವು. ಈಗ ಅಲ್ಲಿ ಆಪು ಹುಲ್ಲು ಬಿಟ್ಟರೆ ಏನೂ ಬೆಳೆಯುವುದಿಲ್ಲ. ನೀರು ಕೊಡುವುದಕ್ಕಿಂತ ಬಸಿಯುವುದನ್ನು ಮೊದಲು ಕಲಿ. ಬಂದವನು ಮೊದಲು ಆ ಬಸಿಗಾಲುವೆ ಬಿಡಿಸು.

ಕಬ್ಬಿನ ವಿಷಯಕ್ಕೆ ಬರುತ್ತೇನೆ. ಕಬ್ಬಿನಿಂದ ನಮ್ಮ ಮನೆ ಎದ್ದದ್ದು ನಿಜ. ಆಲೆಮನೆಯಲ್ಲಿ ರಾತ್ರಿ ಕೊಪ್ಪರಿಗೆಯ ಪಾಕ ಹದಕ್ಕೆ ಬರುವಾಗ ಎದ್ದು ಬರುವ ವಾಸನೆಗೆ ಊರೇ ಎಚ್ಚರವಾಗುತ್ತಿತ್ತು. ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ‘ಇಳಿಸ್ರಪ್ಪ’ ಅಂತ ನಿನ್ನ ದೊಡ್ಡಪ್ಪ ಕೂಗುತ್ತಿದ್ದರು. ಆ ಹದ ಒಂದು ನಿಮಿಷ ತಪ್ಪಿದರೂ ಬೆಲ್ಲ ಅಚ್ಚು ನಿಲ್ಲುವುದಿಲ್ಲ. ಆಮೇಲೆ ಎಲ್ಲರಿಗೂ ಬಿಳಿ ಬೆಲ್ಲವೇ ಬೇಕಾಯಿತು, ಕೆಮಿಕಲ್ ಹಾಕುವುದು ಶುರುವಾಯಿತು. ಅವರು ಹಾಕಲಿಲ್ಲ, ಅದಕ್ಕೇ ನಮ್ಮ ಬೆಲ್ಲಕ್ಕೆ ರೇಟು ಕಡಿಮೆ ಸಿಕ್ಕಿತು. ಒಂದು ವರ್ಷ ಎಲ್ಲವನ್ನೂ ಕಾರ್ಖಾನೆಗೆ ಒಪ್ಪಿಗೆ ಮಾಡಿದೆವು. ಯಾವುದು ಅಂತ ಹೆಸರು ಬೇಡ. ಕಡಿಯುವ ಆಳು ಕಳಿಸುವುದು ತಿಂಗಳುಗಟ್ಟಲೆ ತಡವಾಯಿತು. ಕಬ್ಬು ಹೂ ಬಿಟ್ಟು ಸೂಲಂಗಿ ಬಂದು ಬೆಂಡಾಯಿತು. ತೂಕ ಹೋಯಿತು. ದುಡ್ಡು ಬಂದದ್ದು ಎರಡು ವರ್ಷ ಆದ ಮೇಲೆ. ಅಷ್ಟರಲ್ಲಿ ಬಡ್ಡಿಯೇ ಅಸಲಿನಷ್ಟಾಗಿತ್ತು. ಆ ಎರಡು ವರ್ಷ ನಮ್ಮನ್ನು ಉಳಿಸಿದ್ದು ನನ್ನ ಸಂಬಳ, ಎರಡು ಹಸು, ಹಾಲಿನ ಡೇರಿಯ ವಾರದ ಬಟವಾಡೆ, ಮತ್ತೆ ಮೇಲಿನ ಹೊಲದ ರಾಗಿ.

ಆ ಮೇಲಿನ ಹೊಲವನ್ನೇ ನೀನು ಕಬ್ಬಿಗೆ ಹಾಕುತ್ತೇನೆ ಅನ್ನುತ್ತಿರುವುದು.

ರಾಗಿ ಅಂದರೆ ಬಡವರ ಬೆಳೆ ಅಂತ ತಾತ್ಸಾರ ಮಾಡಬೇಡ. ನಾಲೆ ಬೆಳೆಗಳಿಗೆ ಅಂತ ಮಾಡಿದ ಅದೇ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಅಂತ ಒಬ್ಬರಿದ್ದರು. ರಾಗಿ ಲಕ್ಷ್ಮಣಯ್ಯ ಅಂತಲೇ ಜನ ಕರೆಯುತ್ತಿದ್ದದ್ದು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಕಾಳು ಕಟ್ಟಿಕೊಳ್ಳುತ್ತದೆ, ಬೇರೆ ತಳಿ ಬೆರೆಸುವುದು ಬಹಳ ಕಷ್ಟ. ಅವರು ಜೀ‌ವಮಾನವೆಲ್ಲಾ ಅದಕ್ಕೇ ಕೂತು, ನಮ್ಮ ದೇಶದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ತೆಗೆದರು. ನಮ್ಮ ತವರಿನ ಹೊಲದಲ್ಲಿ ಆ ರಾಗಿ ಬಂದ ವರ್ಷ ನಮ್ಮಪ್ಪ ಕಣದಲ್ಲಿ ರಾಶಿಯನ್ನು ಎರಡೆರಡು ಸಲ ಅಳೆದರು, ತಪ್ಪು ಲೆಕ್ಕ ಮಾಡಿದೆನೇನೋ ಅಂತ.

ನೀರಿಗೇನು ಬರ ಅಂದೆಯಲ್ಲ. ನಿನ್ನ ದೊಡ್ಡಪ್ಪ ಪೇಪರ್ ಬಂದ ಕೂಡಲೇ ಮೊದಲು ನೋಡುತ್ತಿದ್ದುದು ಕಟ್ಟೆಯ ಮಟ್ಟ. 124.80 ಅಡಿ ತುಂಬಿದರೆ ಅವತ್ತು ಮನೆಯಲ್ಲಿ ಪಾಯಸ. 2023ರಲ್ಲಿ ಮುಂಗಾರು ಕೈಕೊಟ್ಟಾಗ ನಾಲೆಯಲ್ಲಿ ಕಟ್ಟು ನೀರು ಬಿಟ್ಟರು. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ನಮ್ಮ ಸರದಿ ರಾತ್ರಿ ಎರಡು ಗಂಟೆಗೆ ಬಂತು. ಅವರು ಟಾರ್ಚು, ಸನಿಕೆ ಹಿಡಿದು ಹೊರಟರು, ನಾನೂ ಹಿಂದೆ ಹೋದೆ. ತೂಬಿನ ಹತ್ತಿರ ಆಗಲೇ ಏಳೆಂಟು ಜನ ಇದ್ದರು. ಯಾರೂ ಮಾತಾಡುತ್ತಿರಲಿಲ್ಲ. ಮೇಲಿನ ಗದ್ದೆಯವರು ಬದು ಕಡಿದು ನೀರು ತಿರುಗಿಸಿಕೊಂಡಿದ್ದರು. ಐವತ್ತು ವರ್ಷ ಒಟ್ಟಿಗೆ ಉಂಡು ತಿಂದವರು ಅವತ್ತು ಸನಿಕೆ ಎತ್ತುವ ಮಟ್ಟಕ್ಕೆ ಬಂದರು. ನಿನ್ನ ದೊಡ್ಡಪ್ಪ ಮಧ್ಯೆ ಹೋಗಿ ನಿಂತು, ‘ನನ್ನ ಸರದಿ ಬಿಡ್ತೀನಿ, ಕೆಳಗಿನವರಿಗೆ ಬಿಡ್ರಪ್ಪ’ ಅಂದರು. ಆ ಸಲ ನಮ್ಮ ಎರಡೆಕರೆ ಭತ್ತ ಜೊಳ್ಳಾಯಿತು. ಅದು ಅವರ ಕೊನೆಯ ಬೆಳೆ.

ನಾವೇ ಹೀಗಿದ್ದರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದವರ ಪಾಡು ಯೋಚಿಸು. ಮೇಲೆ ನಾಲೆಗೆ ಇಡುವ ಒಂದೊಂದು ಮೋಟರೂ ಅಲ್ಲಿ ಒಬ್ಬರ ಗದ್ದೆಯನ್ನು ಒಣಗಿಸುತ್ತದೆ. ಆದ್ದರಿಂದ ಪೈಪ್ ಎಳೆಯುವ ಮಾತು ನನ್ನ ಮುಂದೆ ಇನ್ನೊಂದು ಸಲ ಆಡಬೇಡ. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯಕ್ಕೆ 14.75 ಟಿಎಂಸಿ ನೀರು ಜಾಸ್ತಿ ಕೊಟ್ಟಿತು. ಅದರಲ್ಲಿ 4.75 ಬೆಂಗಳೂರಿಗೆ ಕುಡಿಯಲು. ನೀನು ಅಲ್ಲಿ ಕುಡಿಯುವ ಕಾವೇರಿ ನೀರು ನಮ್ಮ ಜಿಲ್ಲೆಯ ತೊರೆಕಾಡನಹಳ್ಳಿಯಿಂದಲೇ ಮೇಲೇರಿ ಬರುವುದು. ಕುಡಿಯುವ ನೀರಿಗೆ ಯಾರೂ ಬೇಡ ಅನ್ನಬಾರದು. ಊರು ಬೆಳೆದ ಹಾಗೆ ಅದು ಇನ್ನೂ ಜಾಸ್ತಿ ಆಗುತ್ತದೆ, ಗದ್ದೆಯ ಪಾಲು ಇನ್ನೂ ಕಡಿಮೆ ಆಗುತ್ತದೆ. ನಿನ್ನ ಕಾಲಕ್ಕೆ ಅದು ಖಂಡಿತ.

ಇನ್ನೊಂದು ವಿಷಯ. ಹೆಂಗಸಾಗಿ, ಟೀಚರ್ ಆಗಿ ಇದನ್ನು ಬರೆಯದೆ ಇರಲಾರೆ. ಈ ಜಿಲ್ಲೆಗೆ ನೀರು ಬಂತು, ದುಡ್ಡು ಬಂತು, ಹೆಣ್ಣು ಮಗು ಮಾತ್ರ ಬೇಡವಾಯಿತು. 2023ರಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲೇ ಮೆಷಿನ್ ಇಟ್ಟು ಭ್ರೂಣದ ಲಿಂಗ ನೋಡುತ್ತಿದ್ದರು ಅಂತ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಅವತ್ತು ನಾನು ಊಟ ಮಾಡಲಿಲ್ಲ. ಅದೇ ವರ್ಷ ಮದುವೆಗೆ ಹೆಣ್ಣು ಸಿಗದ ರೈತರ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡು. ನಾಳೆ ನಿನಗೆ ಮದುವೆ ಆಗಿ ಹೆಣ್ಣು ಮಗು ಹುಟ್ಟಿದರೆ ಈ ಜಮೀನಿನಲ್ಲಿ ಅವಳಿಗೂ ಸಮಪಾಲು ಬರೆಯಬೇಕು. ಇದು ನನ್ನ ಷರತ್ತು ಅಂತಲೇ ಇಟ್ಟುಕೋ.

ಹೆದ್ದಾರಿ ಆದ ಮೇಲೆ ಲೇಔಟ್‌ನವರು ಮೂರು ಸಲ ಮನೆಗೆ ಬಂದು ಹೋದರು. ಅವರಿಗೆ ಇಲ್ಲ ಅಂದಿದ್ದೇನೆ. ನಿನ್ನನ್ನೂ ಹುಡುಕಿಕೊಂಡು ಬರುತ್ತಾರೆ. ನಿನಗೆ ಆಸೆಯಾದರೆ ನನಗೆ ಮುಚ್ಚಿಡದೆ ಹೇಳು, ಕೂತು ಮಾತಾಡೋಣ.

ಈಗ ನನ್ನ ಮಾತು ಇಷ್ಟು. ಕೆಲಸ ಈಗಲೇ ಬಿಡಬೇಡ, ಆಗುವುದಾದರೆ ಒಂದು ವರ್ಷ ರಜೆ ಕೇಳು, ಇಲ್ಲವೇ ಮನೆಯಿಂದಲೇ ಮಾಡುವ ಹಾಗೆ ಒಪ್ಪಿಸು. ಒಂದು ಮುಂಗಾರು, ಒಂದು ಬೇಸಿಗೆ ಇಲ್ಲೇ ಇದ್ದು ನೋಡು. ಕೆಳಗಿನ ಎರಡೆಕರೆಯಲ್ಲಿ ಒಂದೆಕರೆಗೆ ಮಾತ್ರ ಕಬ್ಬು ಸಾಕು. ತರಗು ಸುಡದೆ ಸಾಲಿಗೆ ಹೊದಿಸು, ನೀರು ಉಳಿಯುತ್ತದೆ. ಉಳಿದದ್ದರಲ್ಲಿ ಒಂದು ಭತ್ತ, ಅದಾದ ಮೇಲೆ ಉದ್ದೋ ಅಲಸಂದೆಯೋ. ಕಿರುಗಾವಲಿನಲ್ಲಿ ಒಬ್ಬ ರೈತರು ನೂರಾರು ನಾಟಿ ಭತ್ತ ಕಾಪಾಡಿಕೊಂಡು ಬಂದಿದ್ದಾರೆ. ಒಂದು ದಿನ ಹೋಗಿ ಬರೋಣ, ರಾಜಮುಡಿ ಬಿತ್ತನೆ ಕೇಳೋಣ. ಮೇಲಿನ ಹೊಲಕ್ಕೆ ಬೋರ್ ಬೇಡ. ರಾಗಿ ಹಾಕು, ಸಾಲಿನ ನಡುವೆ ಅಕ್ಕಡಿಯಲ್ಲಿ ಅವರೆ. ಬದುವಿಗೆ ಬೇಕಾದರೆ ನಾಲ್ಕು ಹಲಸು, ಹುಣಸೆ ನೆಡು. ಒಂದು ಹಸು ಇರಲಿ, ಹಾಲು ಕರೆಯುವುದು ನಾನು ಹೇಳಿಕೊಡುತ್ತೇನೆ. ಕಂಪ್ಯೂಟರ್ ಕೆಲಸವನ್ನು ಕೈಬಿಡಬೇಡ. ದಲೇನದವರು ಮಾಡಿದ್ದು ಅದೇ ತಾನೆ?

ಅವರೆ ಬಿತ್ತನೆಗೆ ಬೂದಿ ಬೆರೆಸಿ ಮಡಕೆಯಲ್ಲಿ ಕಟ್ಟಿಟ್ಟಿದ್ದೇನೆ. ರಾಗಿ ಬಿತ್ತನೆ ನಿಮ್ಮಮ್ಮನ ತವರಿನಿಂದ ಬಂದಿದೆ. ನಿನ್ನ ದೊಡ್ಡಪ್ಪನ ಸನಿಕೆಗೆ ಹೊಸ ಕಾವು ಹಾಕಿಸಿದ್ದೇನೆ, ನಿನ್ನ ಎತ್ತರಕ್ಕೆ ಸರಿಹೋಗುವ ಹಾಗೆ ಸ್ವಲ್ಪ ಉದ್ದ ಇಡಿಸಿದ್ದೇನೆ. ನಾಲೆಗೆ ನೀರು ಬಿಡುವ ದಿನ ಗೊತ್ತಾದ ತಕ್ಷಣ ಫೋನ್ ಮಾಡುತ್ತೇನೆ. ಹಿಂದಿನ ದಿನವೇ ಬಂದುಬಿಡು. ಏರಿ ಮೇಲೆ ಇಬ್ಬರೂ ಕೂತು ಕಾಯೋಣ.

ಇಂತಿ ನಿನ್ನ
ದೊಡ್ಡಮ್ಮ